ನೂರಿಪ್ಪತ್ತು, ಎಂಬತ್ತು

ನಾನು ರಕ್ತದೊತ್ತಡ ಅಳೆಯುವ ಒಂದು ಯಂತ್ರ. ಪಾದರಸದ್ದು, ಹಳೆಯ ಕಾಲದ್ದು. ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಬಿಪಿ ಮಷಿನ್ ಎಂದೇ ಕರೆಯುತ್ತಾರೆ. ಉದ್ದನೆಯ ಬೂದುಬಣ್ಣದ ಡಬ್ಬಿ ನನ್ನ ಮೈ. ಮುಚ್ಚಳ ತೆಗೆದು ನಿಲ್ಲಿಸಿದರೆ ಅದರೊಳಗೆ ಒಂದು ಗಾಜಿನ ನಳಿಕೆ, ನಳಿಕೆಯ ಪಕ್ಕದಲ್ಲಿ ಅಂಕಿಗಳು. ತೋಳಿಗೆ ಸುತ್ತುವ ಬಟ್ಟೆಯ ಪಟ್ಟಿ, ಗಾಳಿ ಒತ್ತುವ ರಬ್ಬರಿನ ಬಲ್ಬು, ಆ ಗಾಳಿಯನ್ನು ಮೆಲ್ಲಗೆ ಬಿಡುವ ಒಂದು ತಿರುಪು. ನಾನೆಂದರೆ ಇಷ್ಟೇ.

ನಾನು ಹುಟ್ಟಿದ್ದು ಒಂದು ಸಣ್ಣ ಕಾರ್ಖಾನೆಯಲ್ಲಿ. ನನ್ನೊಳಗೆ ಪಾದರಸ ಸುರಿದವಳು ಒಬ್ಬ ಹೆಂಗಸು. ಕೆಲಸಕ್ಕೆ ಕೂರುವ ಮೊದಲು ಅವಳು ಉಂಗುರ, ಓಲೆ, ಮೂಗುತಿ ಎಲ್ಲವನ್ನೂ ಬಿಚ್ಚಿ ಬೇರೆ ಕೋಣೆಯಲ್ಲಿ ಇಟ್ಟು ಬರುತ್ತಿದ್ದಳು. ಪಾದರಸ ತಾಗಿದರೆ ಚಿನ್ನ ಬೆಳ್ಳಗಾಗಿ ಹಾಳಾಗುತ್ತದಂತೆ. ಬರಿಗಿವಿಯ ಆ ಮುಖ ನನ್ನ ಮೊದಲ ನೆನಪು. ಮುಟ್ಟಿದ್ದನ್ನು ಕೆಡಿಸುವ ಏನೋ ನನ್ನೊಳಗಿದೆ ಎಂಬ ಅಳುಕು ಅಂದೇ ಸೇರಿಕೊಂಡಿತು.

ಮೊದಲು ನಾನು ಹುಬ್ಬಳ್ಳಿಯ ಒಬ್ಬ ಡಾಕ್ಟರರ ಮೇಜಿನ ಮೇಲಿದ್ದೆ. ಅವರು ಮಾತು ಕಡಿಮೆಯ ಮನುಷ್ಯ. ಪಟ್ಟಿ ಸುತ್ತಿ, ಕಣ್ಣು ನನ್ನ ಮೇಲಿಟ್ಟು ಆಲಿಸುತ್ತಿದ್ದರು. ಅಂಕಿ ಎಷ್ಟೇ ಕೆಟ್ಟದಿರಲಿ, ಅವರ ಮುಖ ಬದಲಾಗುತ್ತಿರಲಿಲ್ಲ. ನನ್ನನ್ನು ಮೇಜಿನ ಮೇಲಿಟ್ಟು ನೋಡುವವರ ಗಲ್ಲ, ಮೂಗಿನ ಹೊಳ್ಳೆ, ಕುತ್ತಿಗೆಯ ಬೆವರು ಮಾತ್ರ ನನಗೆ ಚೆನ್ನಾಗಿ ಕಾಣುತ್ತವೆ. ಮುಖದ ಕೆಳಭಾಗವನ್ನು ಜನ ಅಷ್ಟಾಗಿ ಕಾಯ್ದುಕೊಳ್ಳುವುದಿಲ್ಲ. ಹಾಗಾಗಿ ಹೆದರಿಕೆ ನನಗೆ ಬೇಗ ತಿಳಿಯುತ್ತದೆ.

ಡಾಕ್ಟರರಿಗೆ ಕೈ ನಡುಕ ಬಂದ ಮೇಲೆ ಅವರು ದವಾಖಾನೆ ಮುಚ್ಚಿದರು. ನನ್ನನ್ನು ಅದೇ ಊರಿನ ಒಂದು ನರ್ಸಿಂಗ್ ಶಾಲೆಗೆ ಕೊಟ್ಟರು. ಅಲ್ಲಿಯ ಲ್ಯಾಬಿನಲ್ಲಿ ನನ್ನಂಥವು ಇನ್ನೂ ಕೆಲವಿದ್ದವು. ಮಹಾನವಮಿಯ ದಿನ ಹುಡುಗಿಯರು ನಮಗೆಲ್ಲ ಕುಂಕುಮ ಹಚ್ಚಿ, ಸೇವಂತಿಗೆ ಸಿಕ್ಕಿಸಿ, ಪರೀಕ್ಷೆಯಲ್ಲಿ ಕೈ ಬಿಡಬೇಡಿ ಎಂದು ಬೇಡಿಕೊಳ್ಳುತ್ತಿದ್ದರು. ನನಗೆ ಆ ಬೇಡಿಕೆ ಮುಜುಗರ ತರುತ್ತಿತ್ತು. ಇದ್ದದ್ದನ್ನು ತೋರಿಸುವುದರ ಹೊರತು ನನ್ನಿಂದ ಏನೂ ಆಗುವುದಿಲ್ಲ.

ದಾನಮ್ಮ ಹೂಗಾರ ಎಂಬ ಹುಡುಗಿ ನನ್ನ ಮುಂದೆ ಬಂದದ್ದು ಅಲ್ಲಿಯೇ. ಅವಳ ತಂದೆ ನರಗುಂದದ ಕಡೆಯ ಒಂದು ಊರಿನಲ್ಲಿ ಮನೆಮನೆಗೆ ಹೂವು, ಪತ್ರಿ ಕೊಟ್ಟು ಬರುವವರು. ಮಗಳು ನರ್ಸ್ ಓದುತ್ತಾಳೆಂದು ಬುಟ್ಟಿ ಇಳಿಸಿದ ಮನೆಯಲ್ಲೆಲ್ಲ ಹೇಳಿದ್ದರಂತೆ. ಇದನ್ನು ದಾನಮ್ಮ ತನ್ನ ಗೆಳತಿ ಫರ್ಜಾನಾಳಿಗೆ ಹೇಳುವಾಗ ಹೆಮ್ಮೆಯಿಂದ ಹೇಳಲಿಲ್ಲ, ಹೆದರಿಕೆಯಿಂದ ಹೇಳಿದಳು.

ಮೊದಲ ವರ್ಷ ಬಿಪಿ ನೋಡುವುದನ್ನು ಕಲಿಸಿದ ದಿನ ನನಗೆ ನೆನಪಿದೆ. ಟೀಚರ್ ವಿವರಿಸಿದರು. ಪಟ್ಟಿಗೆ ಗಾಳಿ ತುಂಬಿದಾಗ ತೋಳಿನ ರಕ್ತ ನಿಲ್ಲುತ್ತದೆ. ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಮೊಣಕೈಯ ಒಳಮಗ್ಗುಲಿಗೆ ಇಟ್ಟು ಗಾಳಿಯನ್ನು ಮೆಲ್ಲಗೆ ಬಿಡಬೇಕು. ಟಪ್, ಟಪ್ ಎಂಬ ಸದ್ದು ಶುರುವಾದಾಗ ಪಾದರಸ ಎಲ್ಲಿದೆಯೋ ಅದು ಮೇಲಿನ ಅಂಕಿ, ಸದ್ದು ನಿಂತಲ್ಲಿ ಕೆಳಗಿನ ಅಂಕಿ. ಆಮೇಲೆ ಸಾಲಿನಲ್ಲಿ ಒಬ್ಬೊಬ್ಬರೇ ಬಂದು ಆಲಿಸಿದರು.

"ಕೇಳಿಸ್ತೇನು?" ಎಂದು ಟೀಚರ್ ಕೇಳುತ್ತಿದ್ದರು.

"ಕೇಳಿಸ್ತ್ರಿ ಮ್ಯಾಡಮ್."

ಎಲ್ಲರೂ ಹಾಗೆಯೇ ಅಂದರು. ದಾನಮ್ಮನ ಸರದಿ ಬಂತು. ಅವಳ ಗಲ್ಲ ಒಂದು ಗಳಿಗೆ ಅಲುಗಿತು. ಹಿಂದೆ ಸಾಲು ಕಾಯುತ್ತಿತ್ತು. "ಕೇಳಿಸ್ತ್ರಿ" ಎಂದಳು.

ಅವಳಿಗೆ ಕೇಳಿಸಿರಲಿಲ್ಲ.

ಸ್ಟೆತ್ತಿನೊಳಗಿನ ಸದ್ದು ನನಗೂ ಕೇಳಿಸುವುದಿಲ್ಲ. ಆದರೆ ತೋಳಿನೊಳಗಿನ ಬಡಿತ ಪಟ್ಟಿಯಿಂದ ನನಗೆ ತಾಗುತ್ತದೆ, ಪಾದರಸ ತುಸು ಕುಣಿಯುತ್ತದೆ. ಬಡಿತ ಶುರುವಾದಾಗ ಕೇಳಿಸಿಕೊಂಡವರ ತಿರುಪಿನ ಕೈ ಅರೆಗಳಿಗೆ ತಡೆಯುತ್ತದೆ. ದಾನಮ್ಮನ ಕೈ ಎಲ್ಲಿಯೂ ತಡೆಯಲಿಲ್ಲ, ಒಂದೇ ಸಮ ಇಳಿದುಹೋಯಿತು.

ಕೇಳಿಸಲಿಲ್ಲ ಎನ್ನುವುದಕ್ಕೆ ಆ ಒಂದು ದಿನ ಸುಲಭವಿತ್ತು. ಮರುದಿನ ಸ್ವಲ್ಪ ಕಷ್ಟವಾಯಿತು. ತಿಂಗಳು ಕಳೆದ ಮೇಲೆ ಆ ಮಾತು ಬಾಯಿಗೆ ಬರದಷ್ಟು ದೊಡ್ಡದಾಯಿತು. ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಅವಳು ಕಂಡುಕೊಂಡ ದಾರಿ ಹೊಸದಾಗಿರಲಿಲ್ಲ. ಸಂದೇಹ ಬಂದವರೆಲ್ಲ ಹೇಳುವ ಅಂಕಿಯನ್ನೇ ಅವಳೂ ಹೇಳಿದಳು. ನೂರಿಪ್ಪತ್ತು, ಎಂಬತ್ತು. ಹರೆಯದ, ಆರೋಗ್ಯವಾದ ತೋಳುಗಳಲ್ಲಿ ಬರುವುದೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಯಾರೂ ಸಿಕ್ಕಿಬೀಳುತ್ತಿರಲಿಲ್ಲ.

ಎರಡನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ ದಾನಮ್ಮ ಫರ್ಜಾನಾಳನ್ನು ಕರೆದುಕೊಂಡು ದಿನಾ ಸಂಜೆ ಲ್ಯಾಬಿಗೆ ಬರತೊಡಗಿದಳು. ಅವಳ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಊಟಕ್ಕೆ ಕೂತರೂ ಅರ್ಧಕ್ಕೇ ತಟ್ಟೆ ಬಿಟ್ಟು ಏಳುತ್ತಿದ್ದಳಂತೆ. ಪಾಠಗಳನ್ನೆಲ್ಲ ಬಾಯಿಪಾಠ ಮಾಡಿದ್ದಳು. ಟ್ರೇಯಲ್ಲಿ ಏನೇನು ಇರಬೇಕೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ನನ್ನ ಮುಂದೆ ಬಂದಾಗ ಮಾತ್ರ ಬೆರಳು ತಣ್ಣಗಾಗುತ್ತಿದ್ದವು.

"ಲೇ ದಾನಿ, ಬಿಡಽ ಇನ್ನ. ನನ್ನ ತೋಳು ಮುರಿದು ನಿನ್ನ ಕೈಯಾಗ ಕೊಡ್ತೀನಿ ನೋಡ," ಎಂದಳು ಫರ್ಜಾನಾ. "ಎಷ್ಟ ಬಂತು?"

"ನೂರಿಪ್ಪತ್ತು, ಎಂಬತ್ತು."

"ನಂದು ದಿನಾ ಅಷ್ಟಽ ಬರ್ತೈತಿ. ದೇವರು ನನ್ನ ಅಳತಿ ಇಟ್ಟು ಹೊಲಿದಾನ."

ಅಂದು ನನ್ನೊಳಗೆ ಪಾದರಸ ಕುಣಿಯಲು ಶುರುವಾದದ್ದು ನೂರಾ ಎಂಟರಲ್ಲಿ. ನಾನು ನೋಡುತ್ತ ನಿಂತಿದ್ದೆ. ಸುಳ್ಳು ಅವಳದು, ಆದರೂ ಅದು ನನ್ನ ಎದುರಿಗೇ ನಡೆಯುತ್ತಿತ್ತು. ಸರಿಯಾದ ಅಂಕಿಯನ್ನು ಮೈಮೇಲೆ ಹೊತ್ತುಕೊಂಡು, ತಪ್ಪು ಅಂಕಿ ಕೇಳುತ್ತ ನಿಲ್ಲುವ ನಾಚಿಕೆ ಎಂಥದೆಂದು ನಾನು ಕಲಿತದ್ದು ಆ ಸಂಜೆಗಳಲ್ಲಿ.

ಫರ್ಜಾನಾ ಪಟ್ಟಿ ಬಿಚ್ಚಿಕೊಳ್ಳುತ್ತ, "ಎಷ್ಟ ಹೆದರ್ತಿ ಮಾರಾಯ್ತಿ. ನಿನಗ ಎಲ್ಲಾ ಬರ್ತೈತಿ," ಎಂದಳು.

ದಾನಮ್ಮ ಏನೋ ಹೇಳಲು ಬಾಯಿ ತೆರೆದಳು. ಪಟ್ಟಿ ಮಡಿಸಿ ನನ್ನ ಡಬ್ಬಿಯೊಳಗೆ ಇಟ್ಟಳು. "ಹೂಂ," ಎಂದಳು.

ಪರೀಕ್ಷೆಯ ದಿನ ನನ್ನನ್ನು ಟ್ರೇಯಲ್ಲಿ ಇಟ್ಟುಕೊಂಡು ದಾನಮ್ಮ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಬಂದಳು. ಪರೀಕ್ಷೆಗೆ ರೋಗಿಗಳನ್ನು ಆರಿಸುವುದರಲ್ಲಿ ಒಂದು ರೂಢಿಯಿದೆ. ಕಾಯಿಲೆ ತೀರಾ ಜೋರಿರಬಾರದು, ಸ್ವಭಾವ ಒಳ್ಳೆಯದಿರಬೇಕು. ದಾನಮ್ಮನ ಪಾಲಿಗೆ ಬಂದವರು ಗುರವ್ವ. ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯದೆ ಬಹಳ ದಿನದಿಂದ ಅಲ್ಲಿದ್ದ ಮುದುಕಿ. ಬಿಪಿಯೂ ಇತ್ತು. ಪರೀಕ್ಷೆಯ ಹುಡುಗಿಯರು ಬಂದರೆ ಅವರಿಗೆ ಹಬ್ಬ. ಬಿಸಿನೀರಿನಲ್ಲಿ ಮೈ ಒರೆಸುತ್ತಾರೆ, ಹೆರಳು ಹಾಕುತ್ತಾರೆ, ಹಾಸಿಗೆಗೆ ಸುಕ್ಕಿಲ್ಲದ ಚಾದರ ಹಾಸುತ್ತಾರೆ. ಅದಕ್ಕೆ ಪ್ರತಿಯಾಗಿ ಗುರವ್ವ ಹುಡುಗಿಯರಿಗೆ ತಮ್ಮ ಅಂಕಿಗಳನ್ನು ಮೆಲ್ಲಗೆ ಹೇಳಿಕೊಡುತ್ತಿದ್ದರು.

ಎದುರಿಗೆ ಇಬ್ಬರು ಪರೀಕ್ಷಕಿಯರು. ಒಬ್ಬರು ಶಾಲೆಯವರೇ. ಇನ್ನೊಬ್ಬರು ಹೊರಗಿನವರು, ಮೈಸೂರಿನ ಕಡೆಯವರು. ಅವರ ಕನ್ನಡಕ ಮೂಗಿನ ತುದಿಯಲ್ಲಿತ್ತು, ಕಣ್ಣು ಅದರ ಮೇಲಿಂದ ನೋಡುತ್ತಿತ್ತು.

ದಾನಮ್ಮ ಪರದೆ ಎಳೆದಳು, ಕೈ ತೊಳೆದಳು, ರೋಗಿಗೆ ವಿವರಿಸಿದಳು. ಎಲ್ಲ ಕ್ರಮವಾಗಿ ನಡೆಯಿತು. ಪಟ್ಟಿ ಸುತ್ತುವಾಗ ಗುರವ್ವ ತುಟಿ ಅಲುಗದಂತೆ ಪಿಸುಗುಟ್ಟಿದರು. "ಅಂಜಬ್ಯಾಡವ್ವಾ. ನೂರಾ ಅರವತ್ತು, ಕೆಳಗ ನೂರು. ಯಾವತ್ತೂ ಅಷ್ಟಽ ಇರ್ತೈತಿ ನಂದು."

ನಾಡಿ ಹಿಡಿದಾಗ ದಾನಮ್ಮನಿಗೆ ಸಿಕ್ಕಿದ್ದು ತನ್ನದೇ ಬೆರಳ ತುದಿಯ ಬಡಿತ. ಅವಳು ಬಲ್ಬು ಒತ್ತಿದಳು. ನಾನು ಮೇಲೆ ಹತ್ತಿದೆ. ಅವಳು ಗಾಳಿ ಬಿಟ್ಟಳು. ನೂರಾ ಎಂಬತ್ತು, ನೂರಾ ಅರವತ್ತು. ಏನೂ ಇಲ್ಲ. ನೂರಾ ನಲವತ್ತು, ನೂರಿಪ್ಪತ್ತು, ನೂರು. ತೋಳಿನೊಳಗೆ ಏನೂ ಇಲ್ಲ. ತೊಂಬತ್ತರ ಹತ್ತಿರ ಒಂದು ತೆಳು ಬಡಿತ ಬಂದು ನನ್ನನ್ನು ತಟ್ಟಿತು. ಆಗ ಅವಳ ಕೈ ತಡೆಯಿತು. ಎರಡು ವರ್ಷದಲ್ಲಿ ಮೊದಲ ಸಲ ತಡೆಯಿತು. ಏನೋ ಕೇಳಿಸಿತ್ತು ಅವಳಿಗೆ. ಆದರೆ ಅದು ತನ್ನ ಎದೆಯದೇ ಸದ್ದು ಎಂದುಕೊಂಡಳು. ಪೂರ್ತಿ ಗಾಳಿ ಬಿಟ್ಟಳು.

"ಎಷ್ಟು?" ಎಂದರು ಹೊರಗಿನವರು.

"ನೂರಾ ಅರವತ್ತು, ನೂರು, ಮ್ಯಾಡಮ್."

ಅವರು ಗುರವ್ವನ ಹಳೆಯ ಚಾರ್ಟು ನೋಡಿದರು. ಹೊಂದುತ್ತಿತ್ತು. ತಲೆಯಾಡಿಸಿ, "ಮುಂದಿನದು ಮಾಡಮ್ಮ," ಎಂದು ಪಕ್ಕದ ಮಂಚದ ಹುಡುಗಿಯ ಕಡೆ ತಿರುಗಿದರು. ಅವಳು ಫರ್ಜಾನಾ.

ದಾನಮ್ಮ ಅಂಕಿಯನ್ನು ಚಾರ್ಟಿನಲ್ಲಿ ಬರೆದು, ಬಟ್ಟೆ ಅದ್ದಿ ಗುರವ್ವನ ಮುಖ ಒರೆಸತೊಡಗಿದಳು. ಹಣೆ ತಣ್ಣಗಿತ್ತು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಕಣ್ಣು ಒಳಗೆ ಹೋಗಿದ್ದವು. ಅವಳ ಕೈ ನಿಧಾನವಾಯಿತು.

"ಆಯಿ, ಆರಾಮ ಇಲ್ಲೇನ್ರಿ?"

"ಏನಿಲ್ಲವ್ವಾ. ತಲಿ ಒಂದೀಟು ತಿರಗ್ತೈತಿ. ನೀ ಮಾಡು ನಿನ್ನ ಪರೀಕ್ಷಾ."

ಅಷ್ಟರಲ್ಲಿ ವಾರ್ಡಿನ ಸಿಸ್ಟರ್ ಔಷಧಿಯ ಗಾಡಿ ತಳ್ಳಿಕೊಂಡು ಬಂದರು. ಚಾರ್ಟು ನೋಡಿ, "ಇವತ್ತೂ ನೂರಾ ಅರವತ್ತೇನು? ತಗೋ ಆಯಿ, ಬಿಪಿ ಗುಳಿಗಿ ನುಂಗು," ಎಂದು ಗುಳಿಗೆ ಬಿಡಿಸಿದರು.

ನಾನು ಮಂಚದ ಪಕ್ಕದ ಮೇಜಿನ ಮೇಲೆ ತೆರೆದುಕೊಂಡೇ ಇದ್ದೆ. ದಾನಮ್ಮ ನನ್ನ ಕಡೆ ನೋಡಿದಳು. ಆಗ ನಾನು ಸೊನ್ನೆಯಲ್ಲಿದ್ದೆ. ನನ್ನಲ್ಲಿ ಓದುವುದಕ್ಕೆ ಏನೂ ಉಳಿದಿರಲಿಲ್ಲ. ಇಳಿದ ಮೇಲೆ ನಾನು ಏನನ್ನೂ ಇಟ್ಟುಕೊಳ್ಳುವುದಿಲ್ಲ. ತಾನು ಕೇಳಿದ್ದೇನು, ಕೇಳದ್ದೇನು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

"ಸಿಸ್ಟರ್," ಎಂದಳು. ದನಿ ಒಡೆದಿತ್ತು. "ಗುಳಿಗಿ ಕೊಡಬ್ಯಾಡ್ರಿ."

"ಯಾಕ?"

"ನಾ ಸುಳ್ಳು ಹೇಳೀನ್ರಿ. ನನಗ ಸದ್ದು ಕೇಳಿಸಿಲ್ಲರಿ."

ಪರೀಕ್ಷೆ ಕೊಡುತ್ತಿದ್ದ ಹುಡುಗಿಯರು ಕೈ ನಿಲ್ಲಿಸಿ ನೋಡಿದರು. ಫರ್ಜಾನಾಳ ಬಾಯಿ ತೆರೆದೇ ಇತ್ತು. ದಾನಮ್ಮನ ಕುತ್ತಿಗೆ ಕೆಳಗಿನಿಂದ ಮೇಲಿನವರೆಗೆ ಕೆಂಪಾಗುವುದನ್ನು ನಾನು ನೋಡಿದೆ. ಹೊರಗಿನ ಪರೀಕ್ಷಕಿ ವಾಪಸ್ ಬಂದರು. ಬೈಯಲಿಲ್ಲ. ಗುರವ್ವನ ತೋಳಿಗೆ ತಾವೇ ಪಟ್ಟಿ ಸುತ್ತಿದರು, ಆಲಿಸಿದರು.

"ಎಂಬತ್ತೆಂಟು, ಅರವತ್ತು," ಎಂದು ಸಿಸ್ಟರ್ ಕಡೆ ನೋಡಿದರು. "ಗುಳಿಗೆ ಬೇಡ. ಡಾಕ್ಟರನ್ನ ಕರೀರಿ. ಏನಜ್ಜಿ, ವಾಂತಿ ಭೇದಿ ಏನಾದ್ರೂ ಇದೆಯಾ?"

ಗುರವ್ವ ಮುಖ ಆ ಕಡೆ ತಿರುಗಿಸಿದರು. "ನಿನ್ನಿಯಿಂದ ಹೊಟ್ಟಿ ಝಾಡಿಸಾಕತ್ತೈತ್ರಿ. ಹೇಳಾಕ ನಾಚಿಕಿ ಆತು. ಹೇಳಿದ್ರ ಸಲಾಯಿನ್ ಹಚ್ಚತಾರ, ಹುಡುಗ್ಯಾರನ್ನ ಬ್ಯಾರೆ ಮಂಚಕ್ಕ ಕಳಸ್ತಾರ ಅಂತ ಸುಮ್ಮನಿದ್ನಿ." ಆಮೇಲೆ ದಾನಮ್ಮನ ಏಪ್ರನ್ನನ್ನು ಸೆರಗಿನಂತೆ ಹಿಡಿದು, "ಆ ಅಂಕಿ ನಾನಽ ಹೇಳಿಕೊಟ್ಟೀನ್ರಿ ಬಾಯಾರ. ಈ ಕೂಸಿಂದು ತಪ್ಪಿಲ್ಲ," ಎಂದರು.

"ನಿಮ್ಮನ್ನೂ ಸೇರಿಸಿ ಇಬ್ರನ್ನೂ ಫೇಲ್ ಮಾಡಬೇಕು ನಾನು," ಎಂದರು ಪರೀಕ್ಷಕಿ. ಆಮೇಲೆ ದಾನಮ್ಮನಿಗೆ, "ಎಲ್ಲಿ, ನೀನೊಮ್ಮೆ ಕೇಳು. ಸ್ಟೆತ್ ಹಾಕ್ಕೋ," ಎಂದರು.

ದಾನಮ್ಮ ಹಾಕಿಕೊಂಡಳು. ಪರೀಕ್ಷಕಿ ಅವಳ ಕಿವಿಗಳನ್ನೇ ನೋಡಿದರು. ಆವರೆಗೆ ಎಲ್ಲರೂ ಅವಳ ಕೈ ನೋಡಿದ್ದರು, ಅಂಕಿ ನೋಡಿದ್ದರು. ಯಾರೂ ಕಿವಿ ನೋಡಿರಲಿಲ್ಲ. ಅವರು ಸ್ಟೆತ್ತನ್ನು ಬಿಡಿಸಿ, ತಿರುವಿ, ಮತ್ತೆ ಅವಳ ಕಿವಿಗೆ ಇಟ್ಟರು.

"ಇದರ ತುದಿ ಮುಂದಕ್ಕೆ ಬಾಗಿರಬೇಕು. ನೀನು ಹಿಂದುಮುಂದು ಹಾಕ್ಕೋತಿದ್ದೀಯ. ಕಿವಿಯ ದಾರಿಯೇ ಮುಚ್ಚಿಹೋಗುತ್ತೆ. ಎಷ್ಟು ದಿನದಿಂದ ಹೀಗೆ?"

"ಮೊದಲ ವರ್ಷದಿಂದ್ರಿ," ಎಂದಳು. ಪರೀಕ್ಷಕಿ ಬಲ್ಬು ಒತ್ತಿ ಗಾಳಿ ಬಿಟ್ಟರು. ನಾನು ಇಳಿಯುತ್ತ ಬಂದೆ. ಎಂಬತ್ತೆಂಟಕ್ಕೆ ಬಂದಾಗ ದಾನಮ್ಮನ ಇಡೀ ಮೈ ಬೆಚ್ಚಿತು. ಟಪ್ ಎಂಬ ಆ ಸದ್ದನ್ನು ಅವಳು ಮೊದಲ ಸಲ ನೆಟ್ಟಗೆ ಕೇಳಿದಳು. ಕಣ್ಣೀರು ಗಲ್ಲದಿಂದ ಇಳಿದು ನನ್ನ ಡಬ್ಬಿಯ ಮೇಲೆ ಬಿತ್ತು.

ಅವಳು ಫೇಲಾದಳು. ಗುರವ್ವ ಉಳಿದರು, ಅಷ್ಟು ಸಾಕು ಎಂದು ಹೇಳಿಬಿಡುವುದು ಸುಲಭ. ಆದರೆ ನೋಡದ ಅಂಕಿಯನ್ನು ನೋಡಿದೆನೆಂದು ಬರೆದವಳನ್ನು ಪಾಸು ಮಾಡಲಾಗುವುದಿಲ್ಲ ಎಂದು ಪರೀಕ್ಷಕಿ ಹೇಳಿದ್ದು ನನಗೂ ಸರಿಯೆನಿಸಿತು. ಸರಿಯೆನಿಸಿದರೂ ಸಂಕಟ ಕಡಿಮೆಯಾಗಲಿಲ್ಲ.

ಫಲಿತಾಂಶ ಬಂದ ಮೇಲೆ ದಾನಮ್ಮ ಲ್ಯಾಬಿನ ಮೂಲೆಯಲ್ಲಿ ಚಾದರಗಳನ್ನು ಮಡಿಸುತ್ತ ಕೂತಿದ್ದಳು. ಅಲ್ಲಿಗೆ ಬೇರೆ ಯಾರೂ ಬರುವುದಿಲ್ಲವೆಂದು ಬಂದಿದ್ದಳು. ಫರ್ಜಾನಾ ಹುಡುಕಿಕೊಂಡು ಬಂದಳು.

"ಮನಿಗೆ ಫೋನ್ ಮಾಡಿದೇನು?"

"ಹೂಂ."

"ಏನಂದ್ರು?"

"ಅಪ್ಪ ಊಟ ಆತೇನು ಅಂದ. ಆತು ಅಂದೆ. ಫೋನ್ ಇಟ್ಟ." ದಾನಮ್ಮ ಇನ್ನೊಂದು ಚಾದರ ಎಳೆದುಕೊಂಡಳು. "ನಾಳಿ ಹೂ ಕೊಡಾಕ ಹೋದಲ್ಲೆಲ್ಲಾ ಕೇಳ್ತಾರ ಅವನ್ನ. ನಾ ಬಿಟ್ಟ ಬಿಡ್ತೀನಿ ಫರ್ಜಾ. ಊರಿಗೆ ಹೋಗಿ ಮಾಲಿ ಕಟ್ಟತೀನಿ."

"ಮಾಲಿ ನೆಟ್ಟಗ ಕಟ್ಟತಿ ಅಂತ ಏನ ಗ್ಯಾರಂಟಿ? ಅದನ್ನೂ ಉಲ್ಟಾ ಕಟ್ಟಿಗಿಟ್ಟೀ."

ದಾನಮ್ಮ ನಗಲಿಲ್ಲ. ಫರ್ಜಾನಾ ಪಕ್ಕದಲ್ಲಿ ಕೂತು ಚಾದರದ ಇನ್ನೊಂದು ತುದಿ ಹಿಡಿದಳು. "ನನಗಽ ಹೇಳಬಹುದಿತ್ತಲ್ಲಽ," ಎಂದಳು ಅಂಚು ಜೋಡಿಸುತ್ತ. "ದಿನಾ ನನ್ನ ತೋಳು ಒತ್ತಿದಿ."

"ನಿನಗಽ ಹೇಳಾಕ ಆಗಲಿಲ್ಲ. ಬ್ಯಾರೆಯವರಿಗಾದರೂ ಹೇಳಬಹುದಿತ್ತು."

ವಿಚಿತ್ರವೆಂದರೆ, ಸುಳ್ಳು ಹೇಳಿದ್ದಕ್ಕಿಂತ ಸ್ಟೆತ್ ತಿರುವಿ ಹಾಕಿಕೊಂಡದ್ದೇ ಅವಳನ್ನು ಹೆಚ್ಚು ಕುಗ್ಗಿಸಿತು. ಸುಳ್ಳಿಗೆ ಹೆದರಿಕೆ ಕಾರಣವೆನ್ನಬಹುದು. ಇದಕ್ಕೆ ಏನೆನ್ನುವುದು? ಮೊದಲ ವರ್ಷದ ಹುಡುಗಿಯರೂ ಅವಳನ್ನು ನೋಡಿ ಕಿವಿ ಮುಟ್ಟಿಕೊಂಡು ನಗುತ್ತಿದ್ದರು. ಉಲ್ಟಾ ಅಕ್ಕ ಎಂಬ ಹೆಸರು ಅವಳಿಗೆ ಅಂಟಿಕೊಂಡಿತು. ಅವಳು ಶಾಲೆ ಬಿಡಲಿಲ್ಲ. ಬಿಡುವುದಕ್ಕೂ ಊರಿಗೆ ಹೋಗಿ ಮುಖ ತೋರಿಸಬೇಕಲ್ಲ, ಅದಕ್ಕಿಂತ ಇಲ್ಲಿರುವುದೇ ಮೇಲು ಎನಿಸಿತೇನೋ. ಪೂರಕ ಪರೀಕ್ಷೆಗೆ ಓದಿದಳು. ಸಂಜೆ ಬಂದು ಸಿಕ್ಕವರ ತೋಳಿಗೆಲ್ಲ ಪಟ್ಟಿ ಸುತ್ತಿದಳು. ನೂರಾ ಹದಿನಾಲ್ಕು, ನೂರಾ ಎರಡು, ನೂರಾ ಇಪ್ಪತ್ತಾರು. ಅಡ್ಡಾದಿಡ್ಡಿ ಅಂಕಿಗಳು. ಹೇಳುವಾಗ ಅವಳಿಗೆ ಇನ್ನೂ ನಂಬಿಕೆಯಿರಲಿಲ್ಲ, ದನಿ ಪ್ರಶ್ನೆಯಂತೆ ಮೇಲೇರುತ್ತಿತ್ತು. ಆದರೆ ಅವು ನನ್ನವೇ ಅಂಕಿಗಳಾಗಿದ್ದವು.

ಪೂರಕ ಪರೀಕ್ಷೆಗೆ ಅವಳಿಗೆ ಸಿಕ್ಕಿದ್ದು ಗಂಡಸರ ವಾರ್ಡಿನಲ್ಲಿದ್ದ, ದಪ್ಪ ತೋಳಿನ ಒಬ್ಬ ಲಾರಿ ಡ್ರೈವರ್. ಪರೀಕ್ಷಕಿ ಬೇರೆಯವರು, ಅವಳ ಕಥೆ ಅವರಿಗೆ ಗೊತ್ತಿರಲಿಲ್ಲ. ಸ್ಟೆತ್ತಿನ ತುದಿಗಳನ್ನು ಅವಳು ಒಮ್ಮೆ ನೋಡಿ, ಇನ್ನೊಮ್ಮೆ ನೋಡಿ ಕಿವಿಗಿಟ್ಟುಕೊಂಡಳು. ಗಾಳಿ ಬಿಟ್ಟಳು. ನಾನು ಕುಣಿದೆ. ಅವಳ ಕೈ ತಡೆಯಲಿಲ್ಲ.

ಅವಳ ಎದೆ ಅಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು. ನೆಟ್ಟಗಿದ್ದ ಕಿವಿಯೊಳಗೂ ಅದೇ ತುಂಬಿಕೊಂಡಿತ್ತು.

ಮಂಚದ ಕಾಲಿನ ಕಡೆ ಚಾರ್ಟು ತೂಗುತ್ತಿತ್ತು. ಬೆಳಗಿನ ಅಂಕಿ ಅದರಲ್ಲಿತ್ತು. ಅವಳು ನಿಂತ ಜಾಗದಿಂದ ಓದುವಷ್ಟು ಹತ್ತಿರದಲ್ಲೇ ಇತ್ತು. ಅವಳ ಮುಖ ಅತ್ತ ತಿರುಗಿತು. ನಾನು ಕೆಳಗಿನಿಂದ ಅವಳ ಗಲ್ಲ ನೋಡುತ್ತಿದ್ದೆ. ಅದು ಮೊದಲ ವರ್ಷದ ಆ ದಿನದಂತೆಯೇ ಅಲುಗಿತು. ನನ್ನ ಜೀವಮಾನದಲ್ಲಿ ಯಾವ ಅಂಕಿಗೂ ನಾನು ಅಷ್ಟು ಹೆದರಿ ಕಾದಿರಲಿಲ್ಲ.

"ಎಷ್ಟು?"

"ಕೇಳಿಸಲಿಲ್ಲರಿ ಮ್ಯಾಡಮ್," ಎಂದಳು ದಾನಮ್ಮ. "ಇನ್ನೊಮ್ಮೆ ನೋಡ್ತೀನ್ರಿ."

ಪರೀಕ್ಷಕಿ ಹಾಳೆಯಲ್ಲಿ ಏನೋ ಗುರುತು ಹಾಕಿಕೊಂಡರು. ಅಂಕ ಕಳೆದಿರಬೇಕು. "ಪೂರ್ತಿ ಗಾಳಿ ಬಿಟ್ಟು, ಸ್ವಲ್ಪ ತಡೆದು ನೋಡು," ಎಂದರು.

ಡ್ರೈವರ್ ತೋಳು ಸಡಿಲಿಸಿದ. "ಸಾವಕಾಶ ನೋಡ್ರಿ ಸಿಸ್ಟರ್. ನಾ ಎಲ್ಲಿ ಓಡಿ ಹೋಗಲಿ ಈ ಕಾಲು ಮುರಕೊಂಡು."

ಎರಡನೆಯ ಸಲ ಅವಳ ಕೈ ನೂರಾ ನಲವತ್ತಾರರಲ್ಲಿ ತಡೆಯಿತು. ತೊಂಬತ್ತೆರಡರಲ್ಲಿ ಮತ್ತೆ ತಡೆಯಿತು. ಅವಳು ಎರಡನ್ನೂ ಹೇಳಿದಳು. ದನಿ ಮೇಲೇರಲಿಲ್ಲ.

ಅವಳು ಪಾಸಾದಳು. ಮೂರನೆಯ ವರ್ಷ ಮುಗಿಸಿ ಹೋದಳು. ಎಲ್ಲಿದ್ದಾಳೋ ನನಗೆ ತಿಳಿಯದು. ನಮ್ಮಂಥವರಿಗೆ ಬಿಟ್ಟುಹೋದವರ ಸುದ್ದಿ ಯಾರೂ ತರುವುದಿಲ್ಲ.

ಈಗ ನಾನು ಲ್ಯಾಬಿನ ಒಂದು ಬೀರುವಿನಲ್ಲಿ ಇದ್ದೇನೆ. ಪಾದರಸ ವಿಷವೆಂದು ನಮ್ಮನ್ನೆಲ್ಲ ಕೆಲಸದಿಂದ ಬಿಡಿಸಿದರು. ಗುಜರಿಗೆ ಹಾಕುವಂತಿಲ್ಲ, ಮಣ್ಣಿನಲ್ಲಿ ಹೂಳುವಂತಿಲ್ಲ. ಕೊಂಡೊಯ್ಯುವವರು ಬರುವವರೆಗೆ ಬೀಗ ಹಾಕಿ ಇಟ್ಟಿದ್ದಾರೆ. ಹೊರಗೆ ಹೊಸ ಯಂತ್ರಗಳ ಸದ್ದು ಕೇಳುತ್ತದೆ. ಗುಂಡಿ ಒತ್ತಿದರೆ ತಾವೇ ಉಬ್ಬಿ, ತಾವೇ ಅಂಕಿ ತೋರಿಸುತ್ತವೆ. ಯಾರ ಕಿವಿಯನ್ನೂ ಕೇಳುವುದಿಲ್ಲ. ಒಳ್ಳೆಯದೇ ಆಯಿತು. ಆದರೂ ಪರೀಕ್ಷೆಯ ದಿನಗಳಲ್ಲಿ ಹುಡುಗಿಯರ ಚಪ್ಪಲಿ ಸಪ್ಪಳ ಮೊದಲಿನಂತೆಯೇ ಇರುತ್ತದೆ, ಬಿರುಸಾಗಿ ಬಂದು ಬಾಗಿಲಲ್ಲಿ ತಡೆಯುತ್ತದೆ. ತಿಳಿಯದ್ದು ಏನೋ ಒಂದು ಪ್ರತಿಯೊಬ್ಬಳ ಬಳಿಯೂ ಇರುತ್ತದೆ. ಯಂತ್ರ ಬದಲಾದರೆ ಅದು ಇನ್ನೊಂದು ಕಡೆ ಹೋಗಿ ಕೂರುತ್ತದೆ, ಅಷ್ಟೇ.

ನಾನು ದಾನಮ್ಮನ ಪರವಾಗಿ ಬಹಳ ದಿನ ನಾಚಿಕೊಂಡಿದ್ದೆ. ಗೊತ್ತಿಲ್ಲದಿರುವುದೇ ಅವಳ ಅವಮಾನ ಎಂದು ಅವಳಂತೆ ನಾನೂ ತಿಳಿದಿದ್ದೆ. ಈ ಕತ್ತಲೆಯಲ್ಲಿ ಯೋಚಿಸಲು ಬೇಕಾದಷ್ಟು ಸಮಯವಿದೆ. ಪೂರಕ ಪರೀಕ್ಷೆಯ ದಿನ ಕೇಳಿಸಲಿಲ್ಲ ಎಂದು ಅವಳು ಹೇಳಿದಾಗ ಆ ಗಂಡಸರ ವಾರ್ಡಿನಲ್ಲಿ ಏನಾಯಿತೆಂದು ನೆನಪು ಮಾಡಿಕೊಳ್ಳುತ್ತೇನೆ. ಯಾರೂ ನಗಲಿಲ್ಲ. ಯಾರೂ ತಿರುಗಿಯೂ ನೋಡಲಿಲ್ಲ. ಪಕ್ಕದ ಮಂಚದವನು ಬಾಳೆಹಣ್ಣು ಸುಲಿಯುತ್ತಿದ್ದ. ಅವನು ಸುಲಿಯುವುದನ್ನು ನಿಲ್ಲಿಸಲಿಲ್ಲ.